ಗವಿಯ ಮುಂದೆ ಕಟ್ಟಿದ ಹೋತ

ನಮ್ಮ ಚರ್ಚಿನ ಬೇಸಿಗೆ ಸೇವೆಯ ಮಾತು ಎತ್ತಿದರೆ ನನಗೆ ಈಗಲೂ ಹೊಟ್ಟೆ ತೊಳೆಸುತ್ತದೆ. ಹೀಗೆ ಹೇಳುತ್ತಿರುವವಳು ಹೊರಗಿನವಳಲ್ಲ. ಅದೇ ಚರ್ಚಿನಲ್ಲಿ ನನ್ನ ಜ್ಞಾನಸ್ನಾನವಾಯಿತು, ಅಲ್ಲೇ ಮದುವೆಯಾಯಿತು, ಗಂಡನನ್ನು ಮಣ್ಣು ಮಾಡಿದ್ದೂ ಅದರ ಹಿಂದಿನ ಗುಡ್ಡದಲ್ಲೇ. ಗೇಟಿನ ಎದುರು, ರಸ್ತೆಯ ಈಚೆ ನನ್ನ ಹೊಲಿಗೆ ಅಂಗಡಿ. ಯಾರು ಪೂಜೆಗೆ ತಡವಾಗಿ ಬಂದರು, ಫಾದರ್ ಪ್ರಸಂಗ ಮಾಡುವ ಹೊತ್ತಿಗೆ ಯಾರು ಸಿಗರೇಟು ಸೇದಲು ಹೊರಗೆ ಜಾರಿದರು ಎಂಬುದೆಲ್ಲ ಮೆಷಿನ್ ಮುಂದೆ ಕೂತಲ್ಲಿಂದಲೇ ಕಾಣುತ್ತದೆ. ನನ್ನ ಬಾಯಿ ಸ್ವಲ್ಪ ಜೋರು ಅಂತ ಊರಿಗೇ ಗೊತ್ತು. ಅದಕ್ಕೇ ನನ್ನನ್ನು ಸೇವಾ ಸಮಿತಿಗೆ ಸೇರಿಸಿಕೊಂಡರು. ಹೊರಗೆ ಕೂತು ಮಾತಾಡುವುದಕ್ಕಿಂತ ಒಳಗೆ ನಿಂತು ಮಜ್ಜಿಗೆ ಕಡೆಯಲಿ ಎಂದು ಅವರ ಲೆಕ್ಕ.

ಆ ವರ್ಷ ಹೂಮಳೆ ಕೈಕೊಟ್ಟಿತ್ತು. ಏಪ್ರಿಲ್ ಬಂದರೂ ಸೋಮವಾರಪೇಟೆಯ ಕಡೆ ಹನಿ ಬೀಳಲಿಲ್ಲ. ಕಾಫಿ ಗಿಡ ಹೂ ಬಿಡಬೇಕಾದರೆ ನೀರು ಬೇಕು. ತೋಟದವರು ಕೆರೆಗೆ ಮೋಟರ್ ಇಟ್ಟು ಹಗಲೂ ರಾತ್ರಿ ಗಿಡಕ್ಕೆ ನೀರು ಹಾರಿಸಿದರು. ಚರ್ಚಿನ ಕೆಳಗಿನ ಇಳಿಜಾರಿನಲ್ಲಿ ಒಂದು ಎಸ್ಟೇಟಿನ ಲೈನ್‌ಮನೆಗಳಿವೆ, ಕೂಲಿಯವರು ಇರುವ ಸಾಲುಮನೆಗಳು. ಎಸ್ಟೇಟಿನ ಕೆರೆ ತಳ ಕಂಡಿತು, ಅದರ ಬೆನ್ನಿಗೇ ಲೈನಿನ ಬಾವಿಯೂ ಬತ್ತಿತು. ಆ ಎಸ್ಟೇಟಿನ ಧಣಿ ನಮ್ಮ ಚರ್ಚಿನವರೇ, ಮುಂದಿನ ಬೆಂಚು ಅವರ ಮನೆಯವರದ್ದು. ಬಾವಿ ಬತ್ತಿದ ಮರುವಾರ ಪೂಜೆ ಮುಗಿಯುತ್ತಿದ್ದಂತೆ ಅವರು ಎದ್ದು ನಿಂತು, ಬಡ ನೆರೆಹೊರೆಯವರಿಗೆ ಬೇಸಿಗೆ ಮುಗಿಯುವ ತನಕ ಟ್ಯಾಂಕರ್ ನೀರು ತಮ್ಮ ಖರ್ಚಿನಲ್ಲಿ ಎಂದು ಘೋಷಿಸಿದರು. ಜನ ಚಪ್ಪಾಳೆ ತಟ್ಟಿದರು. ಒಬ್ಬರ ಬಾವಿ ಬರಿದು ಮಾಡಿ ಅವರಿಗೇ ಕೊಡದಲ್ಲಿ ನೀರು ಹಂಚುವುದಕ್ಕೂ ಚಪ್ಪಾಳೆ! ನಾನು ಕೈ ಕಟ್ಟಿಕೊಂಡು ನಿಂತಿದ್ದೆ. ಪಕ್ಕದವಳು ಮೊಣಕೈಯಿಂದ ತಿವಿದಳು.

ಹೀಗೆ ಶುರುವಾಯಿತು ಬೇಸಿಗೆ ಸೇವೆ. ಟ್ಯಾಂಕರ್ ನೀರು, ರಸ್ತೆ ಬದಿಗೆ ಮಜ್ಜಿಗೆ, ಶಾಲೆಗೆ ರಜೆಯಾದ್ದರಿಂದ ಬಿಸಿಯೂಟ ತಪ್ಪಿದ ಲೈನಿನ ಮಕ್ಕಳಿಗೆ ಭಾನುವಾರದ ಊಟ. ಕೆಲಸ ಕೆಟ್ಟದ್ದು ಎಂದು ನಾನು ಹೇಳುವುದಿಲ್ಲ. ಬಾಯಾರಿದವರಿಗೆ ನೀರು ಯಾರ ಟ್ಯಾಂಕರಿಂದ ಬಂದರೂ ನೀರೇ. ನನಗೆ ಮೈ ಉರಿದದ್ದು ಅದರ ಸುತ್ತ ಬೆಳೆದ ಮೆರೆದಾಟಕ್ಕೆ. ಗೇಟಿಗೆ ಫ್ಲೆಕ್ಸ್ ಬಂತು; ಅದರಲ್ಲಿ ಸಮಿತಿಯವರ ಮುಖಗಳು ಕುಂಬಳಕಾಯಿ ಗಾತ್ರ, ಮಾತೆ ಮರಿಯಮ್ಮನವರು ಮೂಲೆಯಲ್ಲಿ ಅಂಚೆಚೀಟಿ ಗಾತ್ರ. ಊಟದ ದಿನ, ಚರ್ಚಿನ ಹಾಲ್ ಇದೆಯಲ್ಲ, ಅದರ ಶೌಚಾಲಯಕ್ಕೆ ಬೀಗ. ಬೀಗದ ಕೈ ಕಾರ್ಯದರ್ಶಿಯ ಜೇಬಿನಲ್ಲಿ. ಕಾರ್ಯದರ್ಶಿ ಎಂದರೆ ಬ್ಯಾಂಕಿನಿಂದ ನಿವೃತ್ತರಾದ ಒಬ್ಬರು, ನಮ್ಮ ಚರ್ಚಿನ ಮೈಕು ಹಿಡಿಯುವ ಹಕ್ಕು ಹುಟ್ಟಿನಿಂದ ಪಡೆದವರು.

ನಾನು ಅವರನ್ನು ಕೇಳಿದೆ: "ಸಾರ್, ಇಷ್ಟೊಂದು ಮಕ್ಕಳು ಬಂದಿದಾವೆ. ಎಲ್ಲಿಗೆ ಹೋಗ್ಬೇಕು ಅವು?"

"ಅವಕ್ಕೆ ತೋಟದಲ್ಲಿ ಹೋಗಿ ಅಭ್ಯಾಸ ಉಂಟಲ್ಲ," ಎಂದರು. "ಒಂದ್ಸಲ ಒಳಗೆ ಬಿಟ್ರೆ ಆಮೇಲೆ ತೊಳೆಯೋದು ಯಾರು, ನೀವಾ?"

ಇಷ್ಟು ಹೇಳಿ, ಅದೇ ಉಸಿರಿನಲ್ಲಿ ಮೈಕಿನ ಕಡೆ ತಿರುಗಿ, "ನೆರೆಯವರು ನಮ್ಮ ಮನೆಯವರೇ" ಎಂದು ಶುರು ಮಾಡಿದರು. ಅಲ್ಲೇ ನಿಂತಿದ್ದ ನನಗೆ ಉಗಿಯಬೇಕು ಅನ್ನಿಸಿತು, ಆದರೆ ಕೈಯಲ್ಲಿ ಮಜ್ಜಿಗೆ ಪಾತ್ರೆ ಇತ್ತು.

ನಮ್ಮ ಫಾದರ್ ಚಿಕ್ಕ ವಯಸ್ಸಿನವರು, ಕೇರಳದ ಕಡೆಯವರು, ಬಂದು ವರ್ಷವೂ ಆಗಿರಲಿಲ್ಲ. ಅವರ ಮೇಲೆ ನನಗೆ ಸಿಟ್ಟಿಲ್ಲ. ಒಳ್ಳೆಯವರು, ಆದರೆ ಮೆತ್ತಗಿನವರು. ಸಮಿತಿಯವರು ಎಳೆದ ಕಡೆ ಹೋಗುತ್ತಿದ್ದರು. ಮೊದಲ ಟ್ಯಾಂಕರ್ ಹೋದ ದಿನ ಅವರೂ ಲೈನಿಗೆ ಇಳಿದು, ಪುಸ್ತಕದ ಕನ್ನಡದಲ್ಲಿ, "ಏನೇ ಕಷ್ಟ ಬಂದರೂ ಚರ್ಚಿಗೆ ಬನ್ನಿ. ಚರ್ಚು ನಿಮ್ಮದೇ ಮನೆ. ನಮ್ಮ ಗೇಟು ಯಾವಾಗಲೂ ತೆರೆದಿರುತ್ತದೆ," ಎಂದು ಹೇಳಿ ಬಂದಿದ್ದರು. ಇಂಥ ಮಾತನ್ನು ನಾವು ಸಾವಿರ ಸಲ ಕೇಳಿದ್ದೇವೆ, ಯಾರೂ ನಂಬುವುದಿಲ್ಲ. ಲೈನಿನ ಒಬ್ಬಳು ನಂಬಿದಳು.

ಅವಳು ನನಗೆ ಚೆನ್ನಾಗಿ ಗೊತ್ತಿದ್ದವಳು. ಮೆಣಸು ಕುಯ್ಯಲು, ಕಾಫಿ ಪಿಕಿಂಗಿಗೆ, ಗೊಬ್ಬರ ಹಾಕಲು ಎಲ್ಲದಕ್ಕೂ ಹೋಗುತ್ತಿದ್ದಳು. ಗಂಡ ಕುಡಿದು ಎಲ್ಲೋ ಹೋದವನು ತಿರುಗಿ ಬಂದಿರಲಿಲ್ಲ. ಏಳನೇ ಕ್ಲಾಸಿನ ಒಬ್ಬಳೇ ಮಗಳು. ಆ ಹುಡುಗಿಗೆ ಆಗಾಗ ಹೊಟ್ಟೆನೋವು ಬಂದು ಒದ್ದಾಡುತ್ತಿತ್ತು. ಊರಿನ ಡಾಕ್ಟರು ಗುಳಿಗೆ ಕೊಟ್ಟು ಕಳಿಸುತ್ತಿದ್ದರು. ತಾಯಿ ತೋಟದ ಅಂಚಿನ ಚೌಡಮ್ಮನಿಗೆ ಹರಕೆ ಹೇಳಿಕೊಂಡು, ಮನೆಯಲ್ಲಿ ಹುಟ್ಟಿದ ಒಂದು ಹೋತದ ಮರಿಯನ್ನು ಮೀಸಲು ಬಿಟ್ಟಿದ್ದಳು. ಮಗಳು ಗುಣವಾದರೆ ಅದನ್ನೇ ಒಪ್ಪಿಸುತ್ತೇನೆ, ಬೇರೆಯದಲ್ಲ ಎಂದು ಮಾತು. ಅರಿಸಿನದ ಬಟ್ಟೆಯಲ್ಲಿ ನಾಣ್ಯ ಗಂಟು ಹಾಕಿ ಅದರ ಕುತ್ತಿಗೆಗೆ ಕಟ್ಟಿದ್ದಳು. ಈ ಹರಕೆಯ ವಿಷಯ ನನಗೆ ಆಮೇಲೆ ಗೊತ್ತಾದದ್ದು. ಓದುವವರನ್ನು ಕಾಯಿಸಿ ಆಟವಾಡಿಸುವ ಬುದ್ಧಿ ನನಗಿಲ್ಲ, ಈಗಲೇ ಹೇಳಿಬಿಟ್ಟೆ.

ಒಂದು ಶುಕ್ರವಾರ ರಾತ್ರಿ ಹುಡುಗಿಗೆ ನೋವು ಜೋರಾಯಿತು. ಬೆಳಕು ಹರಿಯುವ ಹೊತ್ತಿಗೆ ಜೀಪು ಮಾಡಿಕೊಂಡು ಮಡಿಕೇರಿ ಆಸ್ಪತ್ರೆಗೆ ಹೊರಟರು. ಹೋತವನ್ನು ಏನು ಮಾಡುವುದು? ಆ ತಿಂಗಳು ಲೈನಿನ ಸುತ್ತ ಚಿರತೆ ಓಡಾಡುತ್ತಿತ್ತು, ಎರಡು ನಾಯಿ ಹೋಗಿದ್ದವು. ಪಕ್ಕದ ಮನೆಯವರಿಗೆ ಒಪ್ಪಿಸೋಣವೆಂದರೆ ಅವರು ಕುಡುಕರು. ಅವಳಿಗೆ ಫಾದರ್ ಮಾತು ನೆನಪಾಯಿತು. ಹೋತವನ್ನು ಹಿಡಿದುಕೊಂಡು ಗುಡ್ಡ ಹತ್ತಿ ಬಂದಳು. ಗೇಟು ತೆರೆದೇ ಇತ್ತು, ಯಾರೂ ಎದ್ದಿರಲಿಲ್ಲ. ಚರ್ಚಿನ ಮಗ್ಗುಲಲ್ಲಿ ಮರಿಯಮ್ಮನವರ ಗವಿ ಇದೆ, ಕಲ್ಲಿನಲ್ಲಿ ಕಟ್ಟಿದ್ದು, ಮುಂದೆ ಕಬ್ಬಿಣದ ಕಟಕಟೆ. ಆ ಕಟಕಟೆಗೆ ಹೋತವನ್ನು ಕಟ್ಟಿ, ಹಲಸಿನ ಸೊಪ್ಪು ಹಾಕಿ, ಮಾತೆಯ ಪ್ರತಿಮೆಗೆ ಕೈಮುಗಿದು, ನಾನು ಬರೋ ತನಕ ನೋಡ್ಕೊ ತಾಯಿ ಎಂದು ಹೇಳಿ ಓಡಿದಳು. ಅವಳ ಮಟ್ಟಿಗೆ ಮನೆಯ ಯಜಮಾನಿಗೇ ಹೇಳಿ ಹೋದಂತಾಯಿತು.

ಇಲ್ಲಿ ನಮ್ಮ ಚರ್ಚಿನ ಒಂದು ಪದ್ಧತಿ ಹೇಳಬೇಕು. ನಮ್ಮಲ್ಲಿ ಏಲಂ ಎಂದು ಮಾಡುತ್ತೇವೆ, ಹರಾಜು. ಬೆಳೆದದ್ದರಲ್ಲಿ ಮೊದಲನೆಯದನ್ನು ಜನ ತಂದು ದೇವರಿಗೆ ಇಡುತ್ತಾರೆ: ಬಾಳೆಗೊನೆ, ಹಲಸು, ಕರಿಮೆಣಸು, ಕೋಳಿ, ಜೇನು. ಪೂಜೆಯಾದ ಮೇಲೆ ಅದನ್ನು ಅಂಗಳದಲ್ಲಿ ಕೂಗುತ್ತಾರೆ. ಬಂದ ಹಣ ಧರ್ಮಕಾರ್ಯಕ್ಕೆ. ನಮ್ಮವರಷ್ಟೇ ಅಲ್ಲ, ಸುತ್ತಲಿನ ಹಿಂದೂಗಳೂ ಹರಕೆ ಹೊತ್ತು ಕೋಳಿ ತಂದು ಗವಿಯ ಮುಂದೆ ಕಟ್ಟಿಹೋಗುವುದುಂಟು. ಯಾರು ತಂದರು ಎಂದು ಕೇಳುವ ಹಾಗಿಲ್ಲ. ಹರಕೆಯವರ ಗುಟ್ಟು ಹರಕೆಯವರದ್ದು ಎಂಬ ಮರ್ಯಾದೆ. ಕೇಳಲು ಚಂದದ ಮರ್ಯಾದೆ. ಹಾಗಾಗಿ ಗವಿಯ ಮುಂದೆ ಏನು ಕಟ್ಟಿದ್ದರೂ ಅದು ಏಲಮ್ಮಿನದು.

ಆ ಭಾನುವಾರ ಬೇಸಿಗೆ ಸೇವೆಯ ಸಹಾಯಾರ್ಥ ಏಲಂ ಇತ್ತು, ಮಧ್ಯಾಹ್ನ ನೆರೆಹೊರೆಯವರಿಗೆಲ್ಲ ದೊಡ್ಡ ಊಟ. ನಾನು ಮಜ್ಜಿಗೆಗೆ ಕೊತ್ತಂಬರಿ ಹೆಚ್ಚುತ್ತಿದ್ದೆ. ಅಂಗಳದಿಂದ ಹೋತದ ಕೂಗು ಕೇಳಿ ಹೋಗಿ ನೋಡಿದೆ. ಕಪ್ಪು ಹೋತ, ಹಣೆಯ ಮೇಲೆ ಬಿಳಿ ಬೊಟ್ಟು, ಕುಂಕುಮ, ಕುತ್ತಿಗೆಯಲ್ಲಿ ಅರಿಸಿನದ ಬಟ್ಟೆ. ಒಂದು ಹಗಲು ಒಂದು ರಾತ್ರಿ ಗವಿಯ ಮುಂದೆ ಇದ್ದದ್ದಕ್ಕೆ ಮಾತೆಗೆ ಏರಿಸಿದ ಹೂವನ್ನೆಲ್ಲ ತಿಂದಿತ್ತಂತೆ. ಅದನ್ನೇ ಒಂದು ಪವಾಡವೆಂಬಂತೆ ಹೆಂಗಸರು ಮಾತಾಡಿಕೊಳ್ಳುತ್ತಿದ್ದರು.

"ಇದು ಯಾರದ್ದು ಅಂತ ವಿಚಾರಿಸಿದ್ರಾ?" ಎಂದು ಕಾರ್ಯದರ್ಶಿಯನ್ನು ಕೇಳಿದೆ.

"ಎಂತ ಮಾರಾಯ್ತಿ ನೀವು! ಅರಿಸಿನ ಕಟ್ಟಿದ್ದು ಕಾಣುದಿಲ್ವಾ? ಹರಕೆದು."

"ಹರಕೆ ಸರಿ. ಯಾರಿಗೆ?"

"ಗವಿ ಮುಂದೆ ಕಟ್ಟಿದ್ದು ಮತ್ತೆ ಯಾರಿಗೆ, ನಿಮಗಾ?" ಎಂದರು. ಸುತ್ತ ಇದ್ದವರು ನಕ್ಕರು.

ಕೂಗು ಶುರುವಾಯಿತು. ಧಣಿಗಳಿಗೂ ಪೇಟೆಯ ಕಾಫಿ ವ್ಯಾಪಾರಿಗೂ ಹಳೆಯ ಜಿದ್ದು. ಇಬ್ಬರೂ ಒಂದೇ ಚರ್ಚಿನ ಎರಡು ಬದಿಯ ಮುಂದಿನ ಬೆಂಚಿನವರು. ಒಬ್ಬರು ಏರಿಸಿದರೆ ಇನ್ನೊಬ್ಬರು ಏರಿಸುತ್ತ, ಆ ಬಡಕಲು ಹೋತದ ಬೆಲೆ ಒಂದು ಒಳ್ಳೆಯ ಎಮ್ಮೆಯ ಬೆಲೆಯನ್ನು ದಾಟಿತು. ಬೆವರು ಇಳಿಯುತ್ತಿದ್ದ ಮುಖಗಳು, ಮೊಬೈಲ್ ಹಿಡಿದ ಕೈಗಳು, ಪ್ರತಿ ಕೂಗಿಗೂ ಒಂದು ಹೋ. ಆ ಗದ್ದಲಕ್ಕೆ ಹೋತ ಹೆದರಿ ಕಾರ್ಯದರ್ಶಿಯ ಪ್ಯಾಂಟಿನ ಮೇಲೆ ಉಚ್ಚೆ ಹೊಯ್ದಿತು. ಆ ದಿನ ಆ ಅಂಗಳದಲ್ಲಿ ನಡೆದ ಒಂದೇ ಒಂದು ಸರಿಯಾದ ಕೆಲಸ ಅದು. ಕೊನೆಗೆ ಧಣಿಗಳು ಗೆದ್ದರು. ಗೆದ್ದವರು ಎದೆಯುಬ್ಬಿಸಿ, "ಇದು ನನಗೆ ಬೇಡ. ಇವತ್ತಿನ ನೆರೆಯವರ ಊಟಕ್ಕೇ ಕೊಟ್ಟೆ!" ಎಂದರು. ಮತ್ತೆ ಚಪ್ಪಾಳೆ.

ಹಂದಿಮಾಂಸದ ಅಂಗಡಿ ಇಟ್ಟಿರುವ ನಮ್ಮ ಚರ್ಚಿನವನೊಬ್ಬ ಹೋತವನ್ನು ಹಾಲಿನ ಹಿಂದಕ್ಕೆ ಎಳೆದುಕೊಂಡು ಹೋದ. ಅಡಿಗೆಗೆ ಹೊತ್ತಾಯಿತು ಎಂದು ಎಲ್ಲರೂ ಅವನನ್ನು ಅವಸರಪಡಿಸುತ್ತಿದ್ದರು. ನಾನು ಪಾತ್ರೆ ತೊಳೆಯಲು ಆ ಕಡೆ ಹೋದಾಗ ಎಲ್ಲ ಮುಗಿದಿತ್ತು. ಮೋರಿಯಲ್ಲಿ ರಕ್ತದ ನೀರು, ಕರುಳು, ನೊಣ. ಅದರ ನಡುವೆ ಅರಿಸಿನದ ಬಟ್ಟೆಯ ಗಂಟು ಹಾಗೇ ಬಿದ್ದಿತ್ತು. ಅದನ್ನು ತೆಗೆದು ಪಕ್ಕಕ್ಕಿಡುವಷ್ಟು ತಾಳ್ಮೆಯೂ ಯಾರಿಗೂ ಇರಲಿಲ್ಲ. ಮಾಂಸ ತಿಂದು ಬೆಳೆದವಳು ನಾನು, ಹಂದಿ ಕಡಿಯುವುದನ್ನು ಚಿಕ್ಕಂದಿನಿಂದ ನೋಡಿದವಳು. ಆದರೂ ಆ ಗಂಟನ್ನು ನೋಡಿ ಪಾತ್ರೆ ತೊಳೆಯದೆಯೇ ತಿರುಗಿ ಬಂದೆ.

ಆಮೇಲೆ ನಡೆದದ್ದು ಇನ್ನೂ ಹೊಲಸು. ನೆರೆಯವರ ಊಟಕ್ಕೆ ಕೊಟ್ಟ ಹೋತ ನೆರೆಯವರಿಗೆ ಹೋಗಲಿಲ್ಲ. ಸಮಿತಿಯವರು ಅಡಿಗೆಮನೆಯಲ್ಲಿ ನಿಂತು ಒಂದು ತರ್ಕ ಹೂಡಿದರು. ಒಂದು ಹೋತ ಇಷ್ಟು ಜನಕ್ಕೆ ಸಾಲುವುದಿಲ್ಲ. ಕೆಲವರಿಗೆ ಬಡಿಸಿ ಕೆಲವರಿಗೆ ಬಡಿಸದಿದ್ದರೆ ಮನಸ್ತಾಪವಾಗುತ್ತದೆ. ಬಡವರ ಮನಸ್ಸು ನೋಯಿಸುವುದು ಪಾಪ. ಆದ್ದರಿಂದ ಯಾರಿಗೂ ಬೇಜಾರಾಗದಂತೆ ನಾವೇ ಒಳಗೆ ತಿನ್ನೋಣ. ದೇವರಾಣೆ, ಹೀಗೇ ಹೇಳಿದರು, ನಗದೆ ಹೇಳಿದರು. ಹೊರಗೆ ಶಾಮಿಯಾನದಡಿ ಲೈನಿನವರಿಗೆ ಮೊಟ್ಟೆ ಸಾರು, ಅನ್ನ. ಫಾದರ್ ಮೈಕಿನಲ್ಲಿ ಊಟದ ಪ್ರಾರ್ಥನೆ ಹೇಳಿದರು, ಮಕ್ಕಳು ಕಣ್ಣು ಮುಚ್ಚಿ ಕೈಮುಗಿದದ್ದನ್ನು ನಾಲ್ಕೂ ದಿಕ್ಕಿನಿಂದ ಫೋಟೊ ತೆಗೆದರು. ಅದು ಮುಗಿದ ಮೇಲೆ ಹಾಲಿನೊಳಗೆ ಬಾಗಿಲು ಮುಂದೆ ಮಾಡಿಕೊಂಡು ಸಮಿತಿಯವರೂ ಅತಿಥಿಗಳೂ, ಅವರ ಜೊತೆ ಫಾದರೂ ಮಟನ್ನಿಗೆ ಕೂತರು. ಹಸಿವು ಜೋರಿತ್ತು, ಕೂತವರು ಕೂತ ಹಾಗೇ ಕೈಹಾಕಿದರು. ಎಲುಬು ಸೀಪುವ ಸದ್ದು, ತೇಗು, ಇನ್ನೊಂದು ಪೀಸು ಹಾಕಿ ಎಂಬ ಮಾತು. ನಾನು ನೀರು ಬಡಿಸುತ್ತಿದ್ದೆ. ತಿನ್ನು ಎಂದು ಎರಡು ಸಲ ಒತ್ತಾಯ ಮಾಡಿದರು, ತಲೆನೋವೆಂದು ತಪ್ಪಿಸಿಕೊಂಡೆ.

ಆಗ ಆ ಹುಡುಗಿಯ ತಾಯಿ ಬಂದಳು. ಮಡಿಕೇರಿ ಬಸ್ಸು ಇಳಿದು ನೇರ ಚರ್ಚಿಗೇ ಬಂದಿದ್ದಳು. ಗವಿಯ ಮುಂದೆ ಹೋತವಿಲ್ಲ. ಒಳಗೆಲ್ಲೋ ನೆರಳಿಗೆ ಕಟ್ಟಿರಬೇಕೆಂದುಕೊಂಡು ಹಾಲಿನ ಬಾಗಿಲು ತಳ್ಳಿದಳು. ಸೀರೆ ಮುದ್ದೆಯಾಗಿತ್ತು, ಕಣ್ಣು ಗುಳಿ ಬಿದ್ದಿತ್ತು. ನಾನು ಹತ್ತಿರ ಹೋಗಿ ಮಗಳು ಹೇಗಿದ್ದಾಳೆ ಎಂದು ಕೇಳಿದೆ.

"ಆಪ್ರೇಸನ್ ಆಯ್ತು ಕಣಕ್ಕ. ಕರುಳೊಳಗೆ ಏನೋ ಒಡ್ದೋಗಿತ್ತಂತೆ. ಇನ್ನೂ ಸರ್ಯಾಗಿ ಕಣ್ಣು ಬಿಟ್ಟಿಲ್ಲ. ನಾಳೀಕ್ ಗೊತ್ತಾಯ್ತದೆ ಅಂದವ್ರೆ ಡಾಕ್ಟ್ರು. ನಮ್ಮಕ್ಕನ್ನ ಕೂರ್ಸಿ ಬಂದೆ, ಬಟ್ಟೆ ತಗಂಡ್ ಹೋಗನ ಅಂತ."

ಹುಡುಗಿ ಬದುಕಿದ್ದಾಳೆ, ಈಗ ಕಾಲೇಜಿಗೆ ಹೋಗುತ್ತಾಳೆ. ಆದರೆ ಆ ಮಧ್ಯಾಹ್ನ ಅದು ಯಾರಿಗೂ ಗೊತ್ತಿರಲಿಲ್ಲ, ತಾಯಿಗಂತೂ ಗೊತ್ತಿರಲಿಲ್ಲ.

ಕಾರ್ಯದರ್ಶಿಗಳಿಗೆ ಆ ಹೊತ್ತಿಗೆ ಹೊಟ್ಟೆ ತುಂಬಿ ಹೃದಯ ದೊಡ್ಡದಾಗಿತ್ತು. "ಬಾ ಬಾ, ಹಸ್ಕೊಂಡು ಬಂದಿದ್ದೀ. ಕೂತ್ಕೊ," ಎಂದು ಬೆಂಚಿನ ತುದಿ ತೋರಿಸಿದರು. ಎಲೆ ಹಾಕಿದರು, ಅನ್ನ ಹಾಕಿದರು, ತಾವೇ ಎದ್ದು ಸೌಟಿನಲ್ಲಿ ಮಟನ್ ಸಾರು ಹಾಕಿದರು. ಅವಳು ಸಂಕೋಚದಿಂದ ಕೂತು ಕೈ ತೊಳೆದುಕೊಂಡಳು. ಅನ್ನ ಕಲಸಿದಳು. ತುತ್ತು ಎತ್ತುವ ಮೊದಲು ನನ್ನ ಕಡೆ ತಿರುಗಿ ಕೇಳಿದಳು:

"ಅಕ್ಕಾ, ನಮ್ ಹೋತನ್ನ ಎಲ್ಲಿ ಕಟ್ಟಿದೀರ? ನೀರ್ ತೋರಿಸ್ಬೇಕು ಅದಕ್ಕೆ. ಗವಿ ಮುಂದೆ ಕಟ್ಟಿ, ಅಮ್ಮಂಗೆ ನೋಡ್ಕ ಅಂತ ಹೇಳ್ ಹೋಗಿದ್ದೆ. ಚೌಡಮ್ಮಂದು ಅದು."

ಬಾಯಲ್ಲಿ ಎಲುಬಿದ್ದವರು ಅದನ್ನು ಮೆಲ್ಲಗೆ ಎಲೆಯ ಮೇಲಿಟ್ಟರು. ನಾನು ಅವಳ ಮುಂದಿನ ಎಲೆಯನ್ನು ಎಳೆದುಕೊಂಡೆ. ಅವಳು ಎಲೆಯನ್ನು ನೋಡಿದಳು, ನನ್ನ ಮುಖ ನೋಡಿದಳು, ಸಾಲಾಗಿ ಎಲ್ಲರ ಎಲೆ ನೋಡಿದಳು. ಅವಳಿಗೆ ಗೊತ್ತಾಗಿಹೋಯಿತು. ಕಲಸಿದ ಕೈಯನ್ನು ಮೈಯಿಂದ ದೂರ ಹಿಡಿದುಕೊಂಡು ಎದ್ದು ನಿಂತಳು.

ಮೊದಲು ಮಾತಾಡಿದವರು ಧಣಿಗಳು. "ಆಯ್ತು ಬಿಡು, ಗೊತ್ತಾಗ್ಲಿಲ್ಲ. ಅದಕ್ಕಿಂತ ಒಳ್ಳೇದೊಂದು ಹೋತ ತೆಕ್ಕೊಡ್ತೀನಿ. ಎರಡು ಬೇಕಾದ್ರೆ ಎರಡು."

"ಬ್ಯಾಡ ಧಣಿ. ಇದನ್ನೇ ಕೊಡ್ತೀನಿ ಅಂತ ಹೇಳಿದ್ದೆ."

ಕಾರ್ಯದರ್ಶಿಯ ಹೆಂಡತಿ ಮೆಲ್ಲಗೆ, ಆದರೆ ಎಲ್ಲರಿಗೂ ಕೇಳುವಂತೆ, "ಹೇಗೂ ಅಲ್ಲಿಯೂ ಕಡಿಯುದೇ, ತಿನ್ನುದೇ. ಇಲ್ಲಿ ಆಯ್ತು, ಅಷ್ಟೇ ಅಲ್ವಾ?" ಎಂದಳು. ಇವಳೊಂದಿಗೆ ನಾನು ಕ್ವಾಯರಿನಲ್ಲಿ ಹಾಡುತ್ತೇನೆ. ತನ್ನ ಎಲೆಯ ಅಂಚಿನಲ್ಲಿ ಎಲುಬುಗಳನ್ನು ಸಾಲಾಗಿ ಜೋಡಿಸಿಟ್ಟಿದ್ದಳು.

ಹುಡುಗಿಯ ತಾಯಿ ಸಿಟ್ಟಾಗಲಿಲ್ಲ. ಸಿಟ್ಟು ಮಾಡುವಷ್ಟು ಧೈರ್ಯ ಅವಳಿಗೆ ಆಗ ಇರಲಿಲ್ಲ, ಹೆದರಿಕೆ ಅಷ್ಟಿತ್ತು. ಕಾರ್ಯದರ್ಶಿಯ ಕಡೆ ನೋಡಿ ಕೇಳಿದಳು:

"ಕುಯ್ಯವಾಗ ಯಾರ ಹೆಸ್ರು ಹೇಳಿದ್ರಿ ಸಾರ್?"

ಯಾರಿಗೂ ಅರ್ಥವಾಗಲಿಲ್ಲ.

"ನಿಮ್ ಗವಿ ಅಮ್ಮನ ಹೆಸ್ರು ಹೇಳಿದ್ರೂ ಸಾಕು. ನಾನ್ ಹೋಗಿ ಚೌಡಮ್ಮನ ಕಾಲಿಗ್ ಬಿದ್ದು ಹೇಳ್ಕತೀನಿ. ಚರ್ಚಿನ ಅಮ್ಮ ತಗಂಡ್ಲು ಕಣವ್ವ, ನೀವ್ ನೀವೇ ನೋಡ್ಕಳಿ, ನನ್ ಮಗಳ್ನ ಬಿಟ್ಬುಡು ಅಂತ. ಹೇಳಿ, ಯಾರ ಹೆಸ್ರು ಹೇಳಿದ್ರಿ?"

ಅಂದರೆ ಅವಳು ನಮಗೊಂದು ದಾರಿ ಬಿಟ್ಟುಕೊಡುತ್ತಿದ್ದಳು. "ಹೇಳಿದ್ವಿ, ಹೇಳಿದ್ವಿ," ಎಂದರು ಕಾರ್ಯದರ್ಶಿ, ತಡಬಡಿಸಿ. ಹಾಗೆ ಹೇಳಿ, ಬಾಗಿಲ ಬಳಿ ಬೀಡಾ ಜಗಿಯುತ್ತ ನಿಂತಿದ್ದ ಮಾಂಸದ ಅಂಗಡಿಯವನ ಕಡೆ ನೋಡಿದರು, ಹೌದೆನ್ನು ಎಂಬಂತೆ.

"ಹೆಸರಾ? ನಂಗ್ಯಾರೂ ಏನೂ ಹೇಳ್ಳಿಲ್ಲಪ್ಪ," ಎಂದ ಅವನು. "ಬೇಗ ಮುಗ್ಸು ಅಂದ್ರು, ಮುಗ್ಸಿದೆ."

ಅವಳು ಫಾದರ್ ಕಡೆ ತಿರುಗಿದಳು. ಫಾದರ್ ಎದ್ದು ನಿಂತಿದ್ದರು, ಮುಖದಲ್ಲಿ ರಕ್ತವಿರಲಿಲ್ಲ. "ಅಮ್ಮಾ, ಊಟಕ್ಕೆ ಮೊದಲು ನಾವು ಪ್ರಾರ್ಥನೆ..." ಎಂದು ಶುರು ಮಾಡಿದವರು ಅಲ್ಲಿಗೇ ನಿಲ್ಲಿಸಿದರು. ಪ್ರಾರ್ಥನೆ ಆದದ್ದು ಹೊರಗೆ, ಮೈಕಿನಲ್ಲಿ, ಮೊಟ್ಟೆ ಸಾರಿನ ಮುಂದೆ. ಈ ಮಾಂಸದ ಮುಂದೆ ಯಾರೂ ಶಿಲುಬೆಯ ಗುರುತನ್ನು ಕೂಡ ಮಾಡಿರಲಿಲ್ಲ. ಅದು ಅವರಿಗೂ ಗೊತ್ತಿತ್ತು, ನಮಗೆಲ್ಲರಿಗೂ ಗೊತ್ತಿತ್ತು.

"ಯಾರಿಗೂ ಕೊಡ್ಲಿಲ್ವಾ?" ಎಂದಳು ಅವಳು. "ಯಾರ ಹೆಸ್ರೂ ಹೇಳ್ದೆ, ಸುಮ್ನೆ ತಿಂದ್ಬುಟ್ರಾ?"

ಅಷ್ಟು ಹೊತ್ತು ಅವಳ ಮುಖದಲ್ಲಿದ್ದ ಹೆದರಿಕೆ ಸರಿದು ಬೇರೊಂದು ಬಂತು. ಅದು ಹೇಸಿಗೆ ಎಂದು ನನಗೆ ಕೂಡಲೇ ಗೊತ್ತಾಯಿತು, ಆ ಬೇಸಿಗೆಯಿಡೀ ನನ್ನ ಹೊಟ್ಟೆಯಲ್ಲಿ ಅದೇ ತುಂಬಿತ್ತು. ವ್ಯತ್ಯಾಸವೆಂದರೆ ಅವಳು ನೋಡಿದ್ದು ಸಮಿತಿಯವರನ್ನು ಮಾತ್ರವಲ್ಲ, ನೀರಿನ ಜಗ್ಗು ಹಿಡಿದು ನಿಂತಿದ್ದ ನನ್ನನ್ನೂ ಸೇರಿಸಿ. ನಾನು ಕೈ ತೊಳೆಯಲು ನೀರು ಮುಂದೆ ಮಾಡಿದೆ. ಅವಳು ತೆಗೆದುಕೊಳ್ಳಲಿಲ್ಲ. ಸೆರಗಿನಿಂದ ಮೂಗು ಮುಚ್ಚಿಕೊಂಡು, ಹಿಂದಕ್ಕೆ ಹೆಜ್ಜೆ ಇಟ್ಟುಕೊಂಡೇ ಬಾಗಿಲು ದಾಟಿದಳು.